ಐಕಾನ್ ಬರೆಯಲು ಬರುತ್ತದೆ, ಐಕಾನ್ ಬಗ್ಗೆ ಬರೆಯಲು ಬರುವುದಿಲ್ಲ: ವಿನ್ಯಾಸದ ವಿದ್ಯಾರ್ಥಿ ತಾಂತ್ರಿಕ ಬರವಣಿಗೆಯನ್ನು ಎಲ್ಲಿಂದ ಶುರು ಮಾಡಬೇಕು?

ಚುಕ್ಕಿಗೆರೆ

ಎಲ್ಲರಿಗೂ ನಮಸ್ಕಾರ. ನಾನು ಇಂಟರ್‌ಫೇಸ್ ವಿನ್ಯಾಸ ಕಲಿಯುತ್ತಿರುವ ಮೂರನೆಯ ವರ್ಷದ ವಿದ್ಯಾರ್ಥಿನಿ. ಕಳೆದ ರಜೆಯಲ್ಲಿ ಇಂಟರ್ನ್‌ಶಿಪ್‌ಗೆ ಹೋಗಿದ್ದಾಗ ನಲವತ್ತು ಐಕಾನ್‌ಗಳನ್ನು ಬರೆದುಕೊಟ್ಟೆ. ಕೆಲಸ ಮೆಚ್ಚುಗೆಯಾಯಿತು. ಆಮೇಲೆ, ಡೆವಲಪರ್‌ಗಳು ಇವನ್ನು ಫಿಗ್ಮಾ ಎಂಬ ವಿನ್ಯಾಸದ ತಂತ್ರಾಂಶದಿಂದ ಹೇಗೆ ತೆಗೆದುಕೊಳ್ಳಬೇಕು ಎಂದು ಅರ್ಧ ಪುಟದ ಟಿಪ್ಪಣಿಯೊಂದನ್ನು ಬರೆದುಕೊಡು ಎಂದರು. ಐಕಾನ್‌ಗಳಿಗೆ ಎರಡು ವಾರ ಹಿಡಿದಿತ್ತು, ಆ ಅರ್ಧ ಪುಟಕ್ಕೆ ಮೂರು ದಿನ ಹಿಡಿಯಿತು. ಇಷ್ಟಾದರೂ, ಆ್ಯಪ್ ತೆರೆದು ನೋಡಿದಾಗ ಒಂದು ಐಕಾನ್ ದೊಡ್ಡದು, ಪಕ್ಕದ್ದು ಸಣ್ಣದು, ಇನ್ನೊಂದು ಅಂಚಿಗೆ ಅಂಟಿಕೊಂಡಿತ್ತು. ಟಿಪ್ಪಣಿಯನ್ನು ಓದಿಯೇ ಮಾಡಿದೆವು ಎಂದು ಅವರು ಹೇಳಿದರು. ತಪ್ಪು ಎಲ್ಲಾಯಿತೆಂದು ನನಗೆ ಈವರೆಗೂ ಗೊತ್ತಾಗಿಲ್ಲ, ಬೈಸಿಕೊಂಡದ್ದು ಮಾತ್ರ ನಾನು.

ಈಗ ತಾಂತ್ರಿಕ ಬರವಣಿಗೆಯನ್ನು ಸರಿಯಾಗಿ ಕಲಿಯಬೇಕೆಂದಿದ್ದೇನೆ. ಬ್ಲಾಗ್ ಒಂದನ್ನು ಶುರು ಮಾಡಿದರೆ ಕೈ ಪಳಗುತ್ತದೆಯೇ, ಅಥವಾ ಯಾವುದಾದರೂ ಕೋರ್ಸಿಗೆ ಸೇರಬೇಕೇ? ನಮ್ಮ ಮೇಷ್ಟ್ರೊಬ್ಬರು, "ಬರೆಯುವುದಕ್ಕೆ ಬೇರೆ ಜನ ಇದ್ದಾರೆ, ನೀನು ಪೋರ್ಟ್‌ಫೋಲಿಯೊ ನೋಡಿಕೋ" ಎನ್ನುತ್ತಾರೆ. ಅವರ ಮಾತು ನನಗೆ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ.

ಗ್ರಿಡ್‌ಪ್ರಿಯ

ಬ್ಲಾಗನ್ನು ಇವತ್ತೇ ಶುರು ಮಾಡಿ. ವಿನ್ಯಾಸಕಾರರಿಗೂ ಬ್ಲಾಗಿಗೂ ಇರುವ ನಂಟು ಹಳೆಯದು. 1997ರಲ್ಲಿ ಜಾರ್ನ್ ಬಾರ್ಜರ್ 'ವೆಬ್‌ಲಾಗ್' ಎಂಬ ಪದವನ್ನು ಬಳಕೆಗೆ ತಂದರು, 1999ರಲ್ಲಿ ಪೀಟರ್ ಮೆರ್‌ಹೋಲ್ಜ್ ತಮಾಷೆಗೆ ಅದನ್ನು 'ವಿ ಬ್ಲಾಗ್', ಅಂದರೆ 'ನಾವು ಬ್ಲಾಗಿಸುತ್ತೇವೆ', ಎಂದು ಒಡೆದರು. ಕೊನೆಗೆ ಉಳಿದದ್ದು ಆ ಒಡೆದ ತುಂಡೇ. ಈ ಮೆರ್‌ಹೋಲ್ಜ್ ವೃತ್ತಿಯಿಂದ ಬಳಕೆದಾರರ ಅನುಭವವನ್ನು ವಿನ್ಯಾಸ ಮಾಡುವವರು. ನಿಮ್ಮ ಮೇಷ್ಟ್ರಿಗೆ ಇದನ್ನು ಹೇಳಿ ನೋಡಿ.

ಹಳೆಯಕರಡು

ಚುಕ್ಕಿಗೆರೆ ಅವರೇ, ಹದಿನಾಲ್ಕು ವರ್ಷಗಳಿಂದ ಸಾಫ್ಟ್‌ವೇರ್ ಕೈಪಿಡಿಗಳನ್ನು ಬರೆಯುವುದೇ ನನ್ನ ಉದ್ಯೋಗ. ಕೋರ್ಸು, ಬ್ಲಾಗು ಎಲ್ಲ ಆಮೇಲಿರಲಿ, ಮೊದಲು ಆ ಅರ್ಧ ಪುಟವನ್ನು ಇಲ್ಲಿ ಹಾಕಿ. ಅಲ್ಲಿನ ಕೆಲಸದ ಗುಟ್ಟೇನಾದರೂ ಅದರಲ್ಲಿದ್ದರೆ ತೆಗೆದುಹಾಕಿ, ನಿಮ್ಮದೇ ಬೇರೆ ಐಕಾನ್ ಇಟ್ಟುಕೊಂಡು ಅದನ್ನೇ ಮತ್ತೆ ಬರೆದು ಹಾಕಿ. ಬರಹವನ್ನು ನೋಡದೆ ಬರವಣಿಗೆಗೆ ಸಲಹೆ ಕೊಡುವುದು ನಾಡಿ ಹಿಡಿಯದೆ ಔಷಧ ಕೊಟ್ಟಂತೆ.

ಅರ್ಧವಿರಾಮ

ಗ್ರಿಡ್‌ಪ್ರಿಯ ಅವರ ಇತಿಹಾಸ ಚೆನ್ನಾಗಿದೆ, ಸಲಹೆಯ ಬಗ್ಗೆ ನನಗೆ ತಕರಾರಿದೆ. ಬ್ಲಾಗ್ ಬರಹವೂ ತಾಂತ್ರಿಕ ಬರಹವೂ ಒಂದೇ ಕೈಯಿಂದ ಬರಬಹುದು, ಆದರೆ ಎರಡಕ್ಕೂ ಬೇಕಾದ ಮೈಕಟ್ಟು ಬೇರೆ. ಬ್ಲಾಗ್ ಓದುವವನು ಆರಾಮಾಗಿ ಕುಳಿತಿರುತ್ತಾನೆ, ನಿಮ್ಮ ಅನುಭವ, ನಿಮ್ಮ ಗೊಂದಲ, ನಿಮ್ಮ ಧ್ವನಿ ಅವನಿಗೆ ಬೇಕು. ಸೂಚನೆ ಓದುವವನ ಒಂದು ಕೈ ಮೌಸಿನ ಮೇಲಿರುತ್ತದೆ, ಒಂದು ಕಣ್ಣು ಬೇರೆ ಕಿಟಕಿಯಲ್ಲಿರುತ್ತದೆ, ಮನಸ್ಸು ಆಗಲೇ ರೋಸಿಹೋಗಿರುತ್ತದೆ. ಅವನಿಗೆ ನಿಮ್ಮ ಧ್ವನಿ ಅಡ್ಡಿ. ವೆಬ್ ಬಳಕೆಯ ಸಂಶೋಧಕ ಜೇಕಬ್ ನೀಲ್ಸನ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 79 ಜನ ಹೊಸ ಪುಟವನ್ನು ಬರೀ ಕಣ್ಣಾಡಿಸಿ ನೋಡಿದ್ದರು, ಪದ ಪದವಾಗಿ ಓದಿದವರು 16 ಜನ ಮಾತ್ರ. ಸೂಚನೆಯ ಪುಟವನ್ನು ಬರೆಯುವಾಗ ಕಣ್ಣಾಡಿಸುವ ಈ ಓದುಗನನ್ನೇ ಎದುರಿಗೆ ಕೂರಿಸಿಕೊಳ್ಳಬೇಕು.

ಗ್ರಿಡ್‌ಪ್ರಿಯ

1997ರ ಪರದೆಗೂ ಈಗಿನ ಪರದೆಗೂ ಅಜಗಜಾಂತರ. ಆ ಅಂಕಿಯನ್ನು ಇನ್ನೂ ಎಷ್ಟು ವರ್ಷ ಎಳೆದಾಡುತ್ತೀರಿ?

ಅರ್ಧವಿರಾಮ

ಪರದೆ ಬದಲಾಗಿದೆ, ಓದುಗನ ಅವಸರ ಕಡಿಮೆಯಾಗಿದೆ ಎಂದು ನಿಮಗೆ ಅನ್ನಿಸುತ್ತದೆಯೇ? ನನ್ನ ಈ ಪ್ರತಿಕ್ರಿಯೆಯನ್ನೇ ನೀವು ಪೂರ್ತಿ ಓದಿರಲಾರಿರಿ.

ಕಂಬಳಿಹುಳು

ನಾನೂ ವಿನ್ಯಾಸದ ವಿದ್ಯಾರ್ಥಿಯೇ. ಬ್ಲಾಗಿನ ಅಕ್ಷರವಿನ್ಯಾಸ, ಬಣ್ಣ, ಅಂಚು, ರಾತ್ರಿಯ ಥೀಮ್, ತಲೆಬರಹದ ಲೋಗೊ ಎಂದು ನಾಲ್ಕು ತಿಂಗಳು ಕಳೆದೆ. ಅದರಲ್ಲಿ ಈವರೆಗೆ ಇರುವ ಒಂದೇ ಬರಹದ ಹೆಸರು 'ಹೊಸ ಬ್ಲಾಗಿಗೆ ಸ್ವಾಗತ'.

ಹಳೆಯಕರಡು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಿರಿ. ವಿನ್ಯಾಸದ ಹುಡುಗರಲ್ಲಿ ಇದು ಎಷ್ಟು ಸಾಮಾನ್ಯವೆಂದರೆ, ನಾನು ಅವರಿಗೆ ಸಿದ್ಧ ಥೀಮ್ ಇಟ್ಟುಕೊಂಡು ಹತ್ತು ಬರಹ ಮುಗಿಸುವವರೆಗೆ ಅದರ ಬಣ್ಣವನ್ನು ಮುಟ್ಟಬೇಡಿ ಎಂದು ಕರಾರು ಹಾಕುತ್ತೇನೆ.

ಚುಕ್ಕಿಗೆರೆ

ನಾಚಿಕೆಯಾಗುತ್ತಿದೆ, ಆದರೂ ಹಾಕುತ್ತಿದ್ದೇನೆ. ಐಕಾನ್‌ಗಳು ಈಗ ನನ್ನ ಸ್ವಂತದವು, ಮಾತುಗಳು ಹೆಚ್ಚುಕಡಿಮೆ ಅವೇ.

"ಈ ಸಂಗ್ರಹದಲ್ಲಿ ಸ್ನೇಹಮಯವೂ ಆಧುನಿಕವೂ ಆದ ಐಕಾನ್‌ಗಳನ್ನು 24 ಪಿಕ್ಸೆಲ್‌ಗಳ ಚೌಕದ ಆಧಾರದ ಮೇಲೆ ರಚಿಸಲಾಗಿದೆ. ಐಕಾನನ್ನು ಆರಿಸಿಕೊಂಡ ನಂತರ ಬಲಬದಿಯ ಫಲಕದಲ್ಲಿರುವ ರಫ್ತು ವಿಭಾಗದ ಮೂಲಕ ಅದನ್ನು ಸೂಕ್ತ ಸ್ವರೂಪದಲ್ಲಿ ಉಳಿಸಿಕೊಳ್ಳಬಹುದಾಗಿದೆ. ಬಣ್ಣವನ್ನು ಅಗತ್ಯಕ್ಕೆ ತಕ್ಕಂತೆ ಬದಲಾಯಿಸಿಕೊಳ್ಳಬಹುದಾಗಿದೆ."

ಹಳೆಯಕರಡು

ನಾಚಿಕೆಪಡಬೇಡಿ. ಇದು ನನ್ನ ಮೊದಲ ಕೈಪಿಡಿಗಿಂತ ಎಷ್ಟೋ ವಾಸಿ. ಇನ್ನು ಬಿಚ್ಚಿ ನೋಡೋಣ.

'ರಚಿಸಲಾಗಿದೆ', 'ಉಳಿಸಿಕೊಳ್ಳಬಹುದಾಗಿದೆ'. ನಮ್ಮಲ್ಲಿ ತಾಂತ್ರಿಕ ಎಂದ ಕೂಡಲೇ ಎಲ್ಲರ ಪೆನ್ನಿನಿಂದಲೂ ಈ 'ಲಾಗಿದೆ', 'ಬಹುದಾಗಿದೆ' ಸುರಿಯತೊಡಗುತ್ತವೆ, ಏಕೆಂದರೆ ಸರ್ಕಾರಿ ಸುತ್ತೋಲೆ ಓದಿದ ಕಿವಿಗೆ ಅದೇ ಗಂಭೀರವಾಗಿ ಕೇಳಿಸುತ್ತದೆ. ಆದರೆ ಇಲ್ಲಿ ಯಾರು ಏನು ಮಾಡಬೇಕು ಎಂಬುದು ಮಾಯವಾಗಿದೆ. 'ಉಳಿಸಿಕೊಳ್ಳಬಹುದಾಗಿದೆ' ಎಂದರೆ ಬೇಕಾದರೆ ಉಳಿಸಿಕೊಳ್ಳಿ ಎಂದೋ, ಹೀಗೆಯೇ ಉಳಿಸಿಕೊಳ್ಳಬೇಕು ಎಂದೋ? ಡೆವಲಪರ್‌ಗೆ ಇವೆರಡರ ನಡುವೆ ಒಂದು ದಿನದ ಕೆಲಸದಷ್ಟು ಅಂತರವಿದೆ. ಮಾಡಲೇಬೇಕಾದುದಕ್ಕೆ 'ಮಾಡಿ' ಎನ್ನಿ. ಬೇಕಿದ್ದರೆ ಮಾಡಬಹುದಾದುದಕ್ಕೆ ಮಾತ್ರ 'ಬಹುದು' ಇಟ್ಟುಕೊಳ್ಳಿ.

'ಸೂಕ್ತ ಸ್ವರೂಪ' ಎಂದಿದ್ದೀರಿ. ಯಾವುದು ಸೂಕ್ತ ಎಂದು ನಿಮಗೆ ಗೊತ್ತಿತ್ತು ತಾನೇ? ಎಷ್ಟು ಹಿಗ್ಗಿಸಿದರೂ ಮಸುಕಾಗದ ಚಿತ್ರದ ಸ್ವರೂಪವಾದ ಎಸ್‌ವಿಜಿ ಎಂದು ಬರೆಯಬಹುದಿತ್ತು. ನನಗೆ ಗೊತ್ತಿರುವುದನ್ನು ಓದುಗನಿಗೆ ಪರೀಕ್ಷೆಯ ಪ್ರಶ್ನೆಯಂತೆ ಕೊಡುವ ಈ ಚಾಳಿ ಅನುಭವಿಗಳನ್ನೂ ಬಿಟ್ಟಿಲ್ಲ.

'ಸ್ನೇಹಮಯ, ಆಧುನಿಕ' ಎಂಬ ಮಾತುಗಳು ಪೋರ್ಟ್‌ಫೋಲಿಯೊದಲ್ಲಿ ಕುಳಿತಿದ್ದವು, ದಾರಿ ತಪ್ಪಿ ಇಲ್ಲಿಗೆ ಬಂದಿವೆ. ವಾಪಸು ಕಳುಹಿಸಿ.

ಸಾಲುಗಟ್ಟಿ

ನಾನು ಡೆವಲಪರ್, ಅಂದರೆ ಇಂಥ ಟಿಪ್ಪಣಿಗಳನ್ನು ಓದುವ ಕಡೆಯವನು. ಸತ್ಯ ಹೇಳಬೇಕೆಂದರೆ ಏನಾದರೂ ಕೆಡುವವರೆಗೆ ನಾವು ಟಿಪ್ಪಣಿಯನ್ನು ಓದುವುದೇ ಇಲ್ಲ. ಓದಿದರೂ ನಿಮ್ಮ ಈ ಟಿಪ್ಪಣಿಯನ್ನು ನೋಡಿ ಪಿಕ್ಸೆಲ್‌ಗಳಿಂದಾದ ಪಿಎನ್‌ಜಿ ಚಿತ್ರವನ್ನೇ ಇಳಿಸಿಕೊಳ್ಳುತ್ತಿದ್ದೆ, ಏಕೆಂದರೆ ರಫ್ತು ಸಾಲನ್ನು ಸೇರಿಸಿದಾಗ ಫಿಗ್ಮಾ ಮೊದಲು ತೋರಿಸುವುದು ಅದನ್ನೇ. 'ಸೂಕ್ತ' ಎಂದರೆ ಕಣ್ಣೆದುರಿಗೆ ಇರುವುದು ಎಂದುಕೊಳ್ಳುವುದು ಮನುಷ್ಯಸ್ವಭಾವ.

ಬಣ್ಣದ ವಾಕ್ಯವೂ ಅರ್ಧದಲ್ಲೇ ನಿಂತಿದೆ. ಹೀಗೆ ತೆಗೆದ ಎಸ್‌ವಿಜಿಯ ಒಳಗೆ ಬಣ್ಣದ ಸಂಖ್ಯೆ ನೇರವಾಗಿ ಬರೆದಿರುತ್ತದೆ. ನಾವು ಕೋಡಿನಲ್ಲಿ ಬಣ್ಣ ಬದಲಾಯಿಸಿದರೂ ಐಕಾನ್ ಕಪ್ಪಾಗಿಯೇ ಇರುತ್ತದೆ. ಫೈಲಿನೊಳಗಿನ ಆ ಸಂಖ್ಯೆಯ ಜಾಗದಲ್ಲಿ 'ಕರೆಂಟ್‌ಕಲರ್' ಎಂದು ಹಾಕಿ, ಫೈಲಿನ ಕೋಡನ್ನು ಪುಟದೊಳಗೇ ಸೇರಿಸಿದರೆ ಸುತ್ತಲಿನ ಅಕ್ಷರದ ಬಣ್ಣವನ್ನೇ ಐಕಾನ್ ತೆಗೆದುಕೊಳ್ಳುತ್ತದೆ. ಇದು ವಿನ್ಯಾಸದವರಿಗೆ ಗೊತ್ತಿರಬೇಕಿಲ್ಲ. ಆದರೆ ಟಿಪ್ಪಣಿ ಬರೆಯುವ ಮುಂಚೆ ನನ್ನಂಥವನೊಬ್ಬನನ್ನು ಐದು ನಿಮಿಷ ಮಾತನಾಡಿಸಿದ್ದರೆ ಗೊತ್ತಾಗುತ್ತಿತ್ತು.

ಅರ್ಧವಿರಾಮ

ವಾಕ್ಯದ ಉದ್ದದ ಬಗ್ಗೆಯೂ ಒಂದು ಮಾತು. ವಿಮಾನ ದುರಸ್ತಿಯ ಕೈಪಿಡಿಗಳಿಗೆಂದು ರೂಪಿಸಿದ, ಎಎಸ್‌ಡಿ-ಎಸ್‌ಟಿಇ100 ಎಂಬ ಸರಳ ಇಂಗ್ಲಿಷಿನ ನಿಯಮಾವಳಿಯಲ್ಲಿ ಸೂಚನೆಯ ವಾಕ್ಯಕ್ಕೆ 20 ಪದಗಳ ಮಿತಿ ಇದೆ, ವಿವರಣೆಯ ವಾಕ್ಯಕ್ಕೆ 25. ನಾನು ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದೇನೆ.

ಒತ್ತಕ್ಷರ

ಆ ಮಿತಿಯನ್ನು ಕನ್ನಡಕ್ಕೆ ಹಾಗೆಯೇ ತರಲಾಗದು. 'ಆರಿಸಿಕೊಂಡುಬಿಟ್ಟಿದ್ದರೆ' ಎಂಬುದು ನಮ್ಮಲ್ಲಿ ಒಂದೇ ಪದ, ಇಂಗ್ಲಿಷಿನಲ್ಲಿ ಅದು ನಾಲ್ಕೈದು ಪದ. ಚುಕ್ಕಿಗೆರೆ ಅವರ ಎರಡನೆಯ ವಾಕ್ಯವನ್ನು ಎಣಿಸಿ ನೋಡಿ, ಹನ್ನೆರಡೇ ಪದಗಳಿವೆ, ಆದರೂ ಓದುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಕನ್ನಡದಲ್ಲಿ ಪದಗಳ ಬದಲು ಕ್ರಿಯೆಗಳನ್ನು ಎಣಿಸಬೇಕು ಎಂಬುದು ನನ್ನ ಅನುಭವ. ಒಂದು ಹೆಜ್ಜೆಗೆ ಒಂದು ಕ್ರಿಯಾಪದ. 'ಆರಿಸಿಕೊಂಡ ನಂತರ... ಮೂಲಕ... ಉಳಿಸಿಕೊಳ್ಳಬಹುದಾಗಿದೆ' ಎಂಬಲ್ಲಿ ಕಡಿಮೆಯೆಂದರೂ ಮೂರು ಕೆಲಸಗಳು ಒಂದರ ಹೆಗಲ ಮೇಲೊಂದು ಕುಳಿತಿವೆ.

ಇನ್ನೊಂದು ಕಡೆ ಕನ್ನಡ ನಮಗೆ ಅನುಕೂಲವನ್ನೂ ಮಾಡಿಕೊಟ್ಟಿದೆ. 'ಎಲ್ಲಿ ಎಂಬುದನ್ನು ಮೊದಲು ಹೇಳಿ, ಏನು ಮಾಡಬೇಕೆಂಬುದನ್ನು ಆಮೇಲೆ ಹೇಳಿ' ಎಂದು ಗೂಗಲ್‌ನ ಶೈಲಿ ಮಾರ್ಗದರ್ಶಿ ಇಂಗ್ಲಿಷ್ ಬರಹಗಾರರಿಗೆ ನಿಯಮ ಮಾಡಿ ಕಲಿಸುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೇ ಬರುವುದರಿಂದ 'ಬಲಬದಿಯ ಫಲಕದಲ್ಲಿ ಕೂಡಿಸುವ ಚಿಹ್ನೆಯನ್ನು ಒತ್ತಿ' ಎಂದು ಸಹಜವಾಗಿ ಬರೆದರೆ ಸಾಕು, ಆ ನಿಯಮವನ್ನು ಪಾಲಿಸಿದಂತಾಯಿತು.

ಕಂಬಳಿಹುಳು

ಹಾಗಾದರೆ ಕನ್ನಡದಲ್ಲಿಯೇ ಬರೆಯಬೇಕೇ? ಫಿಗ್ಮಾದ ಪರದೆಯಲ್ಲಿ ಇರುವುದು ಇಂಗ್ಲಿಷ್. 'ರಫ್ತು' ಎಂದು ಬರೆದರೆ ಓದುವವನು ಆ ಪದವನ್ನು ಪರದೆಯ ಮೇಲೆ ಎಲ್ಲಿ ಹುಡುಕಬೇಕು?

ಒತ್ತಕ್ಷರ

ಒಳ್ಳೆಯ ಪ್ರಶ್ನೆ. ಪರದೆಯ ಮೇಲೆ ಏನಿದೆಯೋ ಅದನ್ನೇ ಬರೆಯಬೇಕು. ಅಲ್ಲಿ 'ಎಕ್ಸ್‌ಪೋರ್ಟ್' ಎಂದಿದ್ದರೆ ಎಕ್ಸ್‌ಪೋರ್ಟ್ ಎನ್ನಿ. ನಿಮ್ಮ ವಿವರಣೆಯಲ್ಲಿ ರಫ್ತು ಎಂಬ ಮಾತು ಬರಲಿ, ಒತ್ತಬೇಕಾದ ಬಟನ್ನಿನ ಹೆಸರಿನಲ್ಲಿ ಬೇಡ. ಬಟನ್ನಿಗೆ 'ಗುಂಡಿ' ಎನ್ನುವವರೊಡನೆ ನಾನು ಜಗಳವಾಡುವುದಿಲ್ಲ, ಆದರೆ ಒಂದೇ ಪುಟದಲ್ಲಿ ಒಮ್ಮೆ ಬಟನ್, ಒಮ್ಮೆ ಗುಂಡಿ, ಒಮ್ಮೆ ಒತ್ತುಗುಂಡಿ ಎಂದು ಬರೆಯುವವರೊಡನೆ ಖಂಡಿತ ಆಡುತ್ತೇನೆ. ಕಥೆಯಲ್ಲಿ ಒಂದೇ ಪದ ಮರುಕಳಿಸಿದರೆ ಬೇಸರವಾಗುತ್ತದೆ, ಸೂಚನೆಯಲ್ಲಿ ಪದ ಬದಲಾದರೆ ಇದು ಬೇರೆ ವಸ್ತುವಿರಬೇಕು ಎಂದು ಓದುಗ ಹುಡುಕಲು ಹೊರಡುತ್ತಾನೆ.

ಭಾಷೆಯ ವಿಷಯಕ್ಕೆ ಬಂದರೆ, ಇಂಗ್ಲಿಷ್ ಕವಿ ಚಾಸರ್ ಸುಮಾರು 1391ರಲ್ಲಿ ಆಸ್ಟ್ರೋಲೇಬ್ ಎಂಬ ಖಗೋಳ ಉಪಕರಣವನ್ನು ಬಳಸುವುದು ಹೇಗೆಂದು ಹತ್ತು ವರ್ಷದ ಲೂಯಿಸ್ ಎಂಬ ತನ್ನ ಮಗನಿಗಾಗಿ ಬರೆದ. ಅಂಥ ವಿಷಯಗಳಿಗೆ ಆಗ ಲ್ಯಾಟಿನ್ನೇ ಗತಿ ಎಂದಿತ್ತು, ಹುಡುಗನಿಗೆ ಬರುತ್ತಿದ್ದ ಲ್ಯಾಟಿನ್ ಅಷ್ಟಕ್ಕಷ್ಟೆ ಎಂಬ ಕಾರಣಕ್ಕೆ ಅವನು ಇಂಗ್ಲಿಷಿನಲ್ಲಿ ಬರೆದ. ಓದುವವರು ಯಾರು ಎಂದು ನೋಡಿ ಭಾಷೆಯನ್ನು ಆರಿಸುವ ಕೆಲಸ ಆರುನೂರು ವರ್ಷಗಳ ಹಿಂದೆಯೇ ನಡೆದಿತ್ತು.

ಗ್ರಿಡ್‌ಪ್ರಿಯ

ನಾನು ಇತಿಹಾಸ ಹೇಳಿದರೆ ತಕರಾರು, ಒತ್ತಕ್ಷರ ಅವರು ಹೇಳಿದರೆ ಎಲ್ಲರೂ ಸುಮ್ಮನಿರುತ್ತೀರಿ.

ನಾಲ್ಕುಮೂಲೆ

ಯಾರೂ ಇನ್ನೂ ಡಯಾಟ್ಯಾಕ್ಸಿಸ್ ಬಗ್ಗೆ ಹೇಳದಿರುವುದು ಆಶ್ಚರ್ಯ. ಡೇನಿಯೆಲೆ ಪ್ರೊಚಿಡಾ ರೂಪಿಸಿದ ಈ ವಿಧಾನದಲ್ಲಿ ತಾಂತ್ರಿಕ ಬರಹ ನಾಲ್ಕು ಬಗೆ: ಕೈಹಿಡಿದು ಕಲಿಸುವ ಪಾಠ, ಒಂದು ಕೆಲಸವನ್ನು ಮುಗಿಸಿಕೊಡುವ ಮಾರ್ಗದರ್ಶಿ, ಬೇಕಾದಾಗ ತೆರೆದು ನೋಡುವ ಆಕರ, ಏಕೆ ಹೀಗೆ ಎಂದು ತಿಳಿಸುವ ವಿವರಣೆ. ಚುಕ್ಕಿಗೆರೆ ಅವರ ಮೂರು ವಾಕ್ಯಗಳಲ್ಲಿ ಕಡಿಮೆಯೆಂದರೂ ಮೂರು ಬಗೆಗಳು ಕಲೆತುಹೋಗಿವೆ. '24 ಪಿಕ್ಸೆಲ್ ಚೌಕ' ಆಕರದ ಮಾತು, 'ಆಧಾರದ ಮೇಲೆ ರಚಿಸಲಾಗಿದೆ' ವಿವರಣೆ, 'ಉಳಿಸಿಕೊಳ್ಳಬಹುದಾಗಿದೆ' ಮಾರ್ಗದರ್ಶಿ. ಬೇರ್ಪಡಿಸಿದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ.

ಹಳೆಯಕರಡು

ವಿಧಾನ ಒಳ್ಳೆಯದು, ನಾನೂ ಬಳಸುತ್ತೇನೆ. ಆದರೆ ಅರ್ಧ ಪುಟ ಬರೆಯುವವರಿಗೆ ನಾಲ್ಕು ಕಪಾಟು ಕೊಟ್ಟರೆ ಕಪಾಟುಗಳನ್ನು ಜೋಡಿಸುವುದರಲ್ಲೇ ದಿನ ಹೋಗುತ್ತದೆ. ಅದರಲ್ಲೂ ಇವರು ವಿನ್ಯಾಸದವರು, ಕಪಾಟಿಗೆ ಐಕಾನ್ ಬೇರೆ ಬರೆಯಲು ಕುಳಿತಾರು.

ನಾಲ್ಕುಮೂಲೆ

ಅರ್ಧ ಪುಟವೇ ಆಗಲಿ, ಪಾಠಕ್ಕೂ ಮಾರ್ಗದರ್ಶಿಗೂ ವ್ಯತ್ಯಾಸ ತಿಳಿಯದೆ ಬರೆದ ಬ್ಲಾಗುಗಳಿಂದಲೇ ಜಾಲ ತುಂಬಿಹೋಗಿದೆ. 'ಐಕಾನ್ ರಫ್ತು ಮಾಡುವುದು ಹೇಗೆ' ಎಂದು ಹುಡುಕಿದವನಿಗೆ ಐಕಾನ್ ಎಂದರೇನು ಎಂಬ ಆರು ಪ್ಯಾರಾ ಓದಿಸುವವರನ್ನು ನೀವು ಕಂಡಿಲ್ಲವೇ?

ಹಳೆಯಕರಡು

ಕಂಡಿದ್ದೇನೆ. ಈ ಮಾತಿಗೆ ಸೋತೆ.

ಬಿಳಿಹಾಳೆ

ಇಷ್ಟೆಲ್ಲ ಏಕೆ? ಮೂರು ವಾಕ್ಯಗಳನ್ನು ಎಐಗೆ ಕೊಟ್ಟರೆ ಐದು ಸೆಕೆಂಡಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದುಕೊಡುತ್ತದೆ.

ಸಾಲುಗಟ್ಟಿ

ಈಗಷ್ಟೇ ಕೊಟ್ಟು ನೋಡಿದೆ. ಅಚ್ಚುಕಟ್ಟಾದ ಕನ್ನಡದಲ್ಲಿ 'ಮೊದಲಿಗೆ, ನಿಮಗೆ ಬೇಕಾದ ಐಕಾನನ್ನು ಆರಿಸಿ' ಎಂದು ಶುರು ಮಾಡಿತು, ಬಣ್ಣದ ಸಮಸ್ಯೆಯನ್ನು ಮುಟ್ಟಲೇ ಇಲ್ಲ. ಟಿಪ್ಪಣಿಯಲ್ಲಿ ಇಲ್ಲದಿರುವುದು ಅದಕ್ಕಾದರೂ ಎಲ್ಲಿಂದ ಗೊತ್ತಾಗಬೇಕು? ಕಾಗುಣಿತ ತಿದ್ದಿಸಿಕೊಳ್ಳಲು, ಉದ್ದ ವಾಕ್ಯವನ್ನು ಒಡೆಸಿಕೊಳ್ಳಲು ನಾನೂ ಬಳಸುತ್ತೇನೆ. ಆದರೆ ಓದಿದವನು ಯಾವ ಸಾಲಿನಲ್ಲಿ ಎಡವುತ್ತಾನೆ ಎಂಬುದನ್ನು ತಿಳಿಯಲು ಎಡವುವ ಮನುಷ್ಯನೊಬ್ಬನೇ ಬೇಕು.

ಹಳೆಯಕರಡು

ನಾನು ಹೇಳಬೇಕೆಂದಿದ್ದುದೂ ಇದನ್ನೇ. ಚುಕ್ಕಿಗೆರೆ ಅವರೇ, ನೀವು ವಿನ್ಯಾಸವನ್ನು ಬಳಕೆದಾರರ ಮುಂದಿಟ್ಟು ಪರೀಕ್ಷಿಸುತ್ತೀರಿ ಅಲ್ಲವೇ? ಬರಹವನ್ನೂ ಹಾಗೆಯೇ ಪರೀಕ್ಷಿಸಿ. ಈ ಫೈಲನ್ನು ನೋಡಿಯೇ ಇರದ ಒಬ್ಬರನ್ನು ಕೂರಿಸಿ, ಟಿಪ್ಪಣಿಯನ್ನು ಕೈಗೆ ಕೊಟ್ಟು, ಹಿಂದೆ ಕುಳಿತು ಬಾಯಿ ಮುಚ್ಚಿಕೊಂಡಿರಿ. ಬಾಯಿ ಮುಚ್ಚಿಕೊಂಡಿರುವುದು ಬರೆಯುವುದಕ್ಕಿಂತ ಕಷ್ಟ, ನೋಡುತ್ತಿರಿ. 'ಅಲ್ಲಲ್ಲ, ಅದರ ಪಕ್ಕದ್ದು' ಎಂದು ನಿಮ್ಮ ಬಾಯಿಗೆ ಬಂದ ಪ್ರತಿಯೊಂದು ಮಾತೂ ಟಿಪ್ಪಣಿಯಲ್ಲಿ ಇಲ್ಲದ ಮಾತು. ಅದನ್ನು ಹೇಳದೆ ಬರೆದುಕೊಳ್ಳಿ.

ಅರ್ಧವಿರಾಮ

ಹಳೆಯಕರಡು ಅವರ ಮಾತಿಗೆ ಒಂದು ಪ್ರಯೋಗವನ್ನು ಜೋಡಿಸುತ್ತೇನೆ. 1990ರಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ, ಎಲ್ಲರಿಗೂ ಗೊತ್ತಿರುವ ಹಾಡುಗಳ ತಾಳವನ್ನು ಕೆಲವರಿಂದ ಮೇಜಿನ ಮೇಲೆ ಬೆರಳಿನಿಂದ ಬಡಿಸಿ, ಹಾಡು ಯಾವುದೆಂದು ಎದುರಿಗಿದ್ದವರನ್ನು ಕೇಳಿದರು. ಅರ್ಧದಷ್ಟನ್ನಾದರೂ ಗುರುತಿಸುತ್ತಾರೆ ಎಂದು ಬಡಿದವರು ಅಂದಾಜು ಮಾಡಿದ್ದರು. 120 ಹಾಡುಗಳಲ್ಲಿ ಕೇಳಿದವರು ಗುರುತಿಸಿದ್ದು ಮೂರನ್ನು. ಬಡಿಯುವವರ ತಲೆಯೊಳಗೆ ರಾಗ ನಡೆಯುತ್ತಿತ್ತು, ಕೇಳುವವರ ಕಿವಿಗೆ ಬೀಳುತ್ತಿದ್ದುದು ಟಕಟಕ ಮಾತ್ರ. ನಲವತ್ತು ಐಕಾನ್‌ಗಳನ್ನು ಎರಡು ವಾರ ಬರೆದವರ ತಲೆಯಲ್ಲಿ ಎಷ್ಟು ರಾಗ ನಡೆಯುತ್ತಿರುತ್ತದೆಯೋ ಊಹಿಸಿಕೊಳ್ಳಿ.

ಚುಕ್ಕಿಗೆರೆ

ಎರಡನೆಯ ಕರಡು ಇದು. ನಾಳೆ ಸಂಜೆ ಸ್ನೇಹಿತೆಯೊಬ್ಬಳು ಬರುತ್ತಾಳೆ, ಅವಳ ಮೇಲೆ ಪ್ರಯೋಗಿಸುತ್ತೇನೆ.

"1. ಕ್ಯಾನ್ವಾಸಿನಲ್ಲಿ ನಿಮಗೆ ಬೇಕಾದ ಐಕಾನ್ ಮೇಲೆ ಕ್ಲಿಕ್ ಮಾಡಿ.
2. ಬಲಬದಿಯ ಫಲಕದಲ್ಲಿ 'ಎಕ್ಸ್‌ಪೋರ್ಟ್' ಎಂಬುದರ ಪಕ್ಕದ ಕೂಡಿಸುವ ಚಿಹ್ನೆಯನ್ನು ಒತ್ತಿ.
3. 'ಪಿಎನ್‌ಜಿ' ಎಂದಿರುವಲ್ಲಿ 'ಎಸ್‌ವಿಜಿ' ಆರಿಸಿ.
4. ಕೆಳಗಿನ 'ಎಕ್ಸ್‌ಪೋರ್ಟ್' ಬಟನ್ ಒತ್ತಿ.
5. ಫೈಲಿನೊಳಗಿನ ಬಣ್ಣದ ಸಂಖ್ಯೆಯನ್ನು ತೆಗೆದು 'ಕರೆಂಟ್‌ಕಲರ್' ಎಂದು ಹಾಕಿ."

ಕಂಬಳಿಹುಳು

ಇದು ಚೆನ್ನಾಗಿದೆ. ಎಲ್ಲಿಯೂ ಎಡವುವಂಥದ್ದು ನನಗೆ ಕಾಣುತ್ತಿಲ್ಲ.

ಹಳೆಯಕರಡು

ನಿಮಗೂ ಫಿಗ್ಮಾ ಗೊತ್ತು, ಅದಕ್ಕೇ ಕಾಣುತ್ತಿಲ್ಲ. ನನಗೂ ಕಾಣುತ್ತಿಲ್ಲ ಎಂಬುದನ್ನು ಇಲ್ಲೇ ದಾಖಲಿಸಿಡುತ್ತೇನೆ.

ಪುಟ್ಟಚೌಕ

ಅಷ್ಟರೊಳಗೆ ಬ್ಲಾಗಿನ ಪ್ರಶ್ನೆಗೂ ಒಂದಿಷ್ಟು. ನಾನು ಆರು ವರ್ಷಗಳಿಂದ ವಿನ್ಯಾಸದ ಬಗ್ಗೆ ಬ್ಲಾಗ್ ಬರೆಯುತ್ತಿದ್ದೇನೆ. ಮೊದಲ ವರ್ಷ ಓದಿದವರನ್ನು ಬೆರಳಿನಲ್ಲಿ ಎಣಿಸಬಹುದಿತ್ತು, ಅವರಲ್ಲಿ ಒಬ್ಬಳು ನನ್ನ ಅಕ್ಕ. ಸಾಧನದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ತಲೆಬರಹ, ಪಟ್ಟಿಗಳನ್ನು ಸಾದಾ ಸಂಕೇತಗಳಿಂದ ಗುರುತಿಸುವ ಮಾರ್ಕ್‌ಡೌನ್ ಕಲಿತುಕೊಳ್ಳಿ, ಅರ್ಧ ಗಂಟೆಯ ಕೆಲಸ. ಜಾನ್ ಗ್ರೂಬರ್ 2004ರಲ್ಲಿ ಅದನ್ನು ಹೊರತಂದಾಗ ಅವರ ಮನಸ್ಸಿನಲ್ಲಿದ್ದುದು, ಸಂಕೇತಗಳಿದ್ದರೂ ಬರಹ ಬರಿಗಣ್ಣಿಗೆ ಓದುವಂತಿರಬೇಕು ಎಂಬುದು. ಇಂದು ಅನೇಕ ಕಡೆ ತಾಂತ್ರಿಕ ದಾಖಲೆಗಳನ್ನು ಅದರಲ್ಲಿಯೇ ಬರೆದು, ಕೋಡಿನ ಜೊತೆಯಲ್ಲೇ, ಫೈಲುಗಳ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಇಡುತ್ತಾರೆ. ಬ್ಲಾಗನ್ನೂ ಹಾಗೆಯೇ ಇಟ್ಟರೆ ಬರವಣಿಗೆಯ ಜೊತೆಗೆ ಆ ಅಭ್ಯಾಸವೂ ಪುಕ್ಕಟೆಯಾಗಿ ಬಂತು.

ವಿನ್ಯಾಸದವರು ಮರೆಯುವ ಇನ್ನೊಂದು ವಿಷಯ ಚಿತ್ರಗಳದು. ಇಡೀ ಪರದೆಯ ಸ್ಕ್ರೀನ್‌ಶಾಟ್ ಹಾಕಿ ಮೂಲೆಯಲ್ಲಿರುವ ಕೂಡಿಸುವ ಚಿಹ್ನೆಯನ್ನು ಹುಡುಕಲು ಓದುಗನಿಗೆ ಬಿಡಬೇಡಿ, ಆ ಮೂಲೆಯನ್ನಷ್ಟೇ ಕತ್ತರಿಸಿ ಹಾಕಿ. ಚಿತ್ರ ಕಾಣದವರಿಗಾಗಿ ಬದಲಿ ಪಠ್ಯವನ್ನು ಬರೆಯಿರಿ, 'ಸ್ಕ್ರೀನ್‌ಶಾಟ್ 3' ಎಂದು ಬರೆದರೆ ಅದು ಬದಲಿ ಪಠ್ಯವಾಗದು. ತಿಳಿಬೂದು ಅಕ್ಷರದ ಮೋಹ ಬಿಡಿ, ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಲೆಂದು ಮಾಡಿದ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಎಎ ಮಟ್ಟಕ್ಕೆ ಸಾಧಾರಣ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ 4.5ಕ್ಕೆ 1ರಷ್ಟಾದರೂ ಹೊಳಪಿನ ವ್ಯತ್ಯಾಸ ಇರಬೇಕು. ಇದನ್ನು ತರಗತಿಯಲ್ಲಿ ಉರು ಹೊಡೆದವರೇ ತಮ್ಮ ಬ್ಲಾಗಿನಲ್ಲಿ ಮರೆತಿರುತ್ತಾರೆ.

ಗ್ರಿಡ್‌ಪ್ರಿಯ

ಆ ತಿಳಿಬೂದಿನ ಮಾತು ನನಗೇ ಹೇಳಿದಂತಿದೆ. ತಿದ್ದಿಕೊಳ್ಳುತ್ತೇನೆ.

ಚುಕ್ಕಿಗೆರೆ

ಪ್ರಯೋಗ ಮುಗಿಯಿತು. ದಯವಿಟ್ಟು ಎಲ್ಲರೂ ಓದಿ, ನನಗೆ ಇನ್ನೂ ನಂಬಲಾಗುತ್ತಿಲ್ಲ.

ಸ್ನೇಹಿತೆ ಕೋಡ್ ಬರೆಯುತ್ತಾಳೆ, ಫಿಗ್ಮಾವನ್ನು ಒಂದೆರಡು ಸಲ ತೆರೆದಿರುವಳಷ್ಟೆ. ಗಂಟೆಯ ಐಕಾನನ್ನು ತೆಗೆದುಕೋ ಎಂದು ಹೇಳಿ ಹಿಂದೆ ಕುಳಿತೆ. ಮೊದಲ ಹೆಜ್ಜೆಯಂತೆ ಗಂಟೆಯ ಚಿತ್ರದ ಮೇಲೆ ನೇರವಾಗಿ ಕ್ಲಿಕ್ ಮಾಡಿದಳು, ನೀಲಿ ಗೆರೆ ಮೂಡಿತು. ಎಲ್ಲಿಯೂ ತಡೆಯದೆ ಐದೂ ಹೆಜ್ಜೆಗಳನ್ನು ಮುಗಿಸಿ, 'ಇಷ್ಟೇ ತಾನೇ?' ಎಂದಳು. ನಾನು ಹಿಗ್ಗಿ ಹೋದೆ. ಆಮೇಲೆ ಆ ಫೈಲನ್ನು ತೆರೆದು ನೋಡಿದರೆ ಅಗಲ 16, ಎತ್ತರ 20 ಎಂದಿತ್ತು. ಇರಬೇಕಾದದ್ದು 24ಕ್ಕೆ 24.

ಅವಳು ಕ್ಲಿಕ್ ಮಾಡಿದಾಗ ಮೂಡಿದ ನೀಲಿ ಗೆರೆ ಗಂಟೆಯ ಆಕಾರಕ್ಕೆ ಒತ್ತಿಕೊಂಡು ಇತ್ತೇ ಹೊರತು ನಾನು ಅದರ ಸುತ್ತ ಇಟ್ಟಿದ್ದ ಚೌಕದ ಫ್ರೇಮಿಗೆ ಇರಲಿಲ್ಲ. ಕ್ಯಾನ್ವಾಸಿನ ಮೇಲೆ ನೇರವಾಗಿ ಇರುವ ಫ್ರೇಮಿನ ಒಳಗೆ ಕ್ಲಿಕ್ ಮಾಡಿದರೆ ಫಿಗ್ಮಾ ಆರಿಸುವುದು ಒಳಗಿನ ಚಿತ್ರವನ್ನು. ಫ್ರೇಮ್ ಬೇಕಿದ್ದರೆ ಅದರ ಹೆಸರಿನ ಮೇಲೆ ಕ್ಲಿಕ್ ಮಾಡಬೇಕು. ನನ್ನ ಕೈ ತಾನಾಗಿಯೇ ಹೆಸರಿನ ಮೇಲೆ ಹೋಗುತ್ತದೆ, ಆದ್ದರಿಂದ ಇದು ನನಗೆ ಯಾವತ್ತೂ ಹೊಳೆದಿರಲಿಲ್ಲ. ನಾನು 'ಐಕಾನ್' ಎಂದು ಬರೆದಾಗ ನನ್ನ ತಲೆಯಲ್ಲಿ ಇದ್ದುದು ಸುತ್ತಲಿನ ಖಾಲಿ ಜಾಗವೂ ಸೇರಿದ ಚೌಕ. ಅವಳಿಗೆ, ಬಹುಶಃ ಜಗತ್ತಿನಲ್ಲಿ ಎಲ್ಲರಿಗೂ, ಐಕಾನ್ ಎಂದರೆ ಕಣ್ಣಿಗೆ ಕಾಣುವ ಗಂಟೆ.

ಸಾಲುಗಟ್ಟಿ

ನಿಮ್ಮ ಇಂಟರ್ನ್‌ಶಿಪ್‌ನಲ್ಲಿ ಆದದ್ದೂ ನಿಸ್ಸಂದೇಹವಾಗಿ ಇದೇ. ಚಿತ್ರದ ಅಂಚಿಗೆ ಕತ್ತರಿಸಿಕೊಂಡು ಬಂದ ಫೈಲುಗಳು ಒಂದೊಂದೂ ಒಂದೊಂದು ಅಳತೆಯವು. ಅವನ್ನು ಕೋಡಿನಲ್ಲಿ 24ರ ಚೌಕಕ್ಕೆ ಹಿಗ್ಗಿಸಿದರೆ ತೆಳ್ಳಗಿನ ಗಂಟೆ ಒಂದು ಗಾತ್ರಕ್ಕೆ, ಅಗಲವಾದ ಲಕೋಟೆ ಇನ್ನೊಂದು ಗಾತ್ರಕ್ಕೆ ನಿಲ್ಲುತ್ತದೆ. ಅಂಚಿಗೆ ಅಂಟಿಕೊಂಡಿತ್ತು ಎಂದಿರಲ್ಲ, ಸುತ್ತಲಿನ ಖಾಲಿ ಜಾಗವೇ ಬಂದಿರಲಿಲ್ಲ. ಡೆವಲಪರ್ ಟಿಪ್ಪಣಿಯನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ, ಪಾಪ.

ಒತ್ತಕ್ಷರ

ಒಂದು ಪದಕ್ಕೆ ಎರಡು ಅರ್ಥ, ಇಬ್ಬರಿಗೂ ತಮ್ಮದೇ ಸರಿ. ಇಂಥ ಪದ ಕಾಗುಣಿತದ ತಪ್ಪಿಗಿಂತ ಅಪಾಯಕಾರಿ. ಕಾಗುಣಿತದ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಇದು ಐದನೆಯ ಹೆಜ್ಜೆಯವರೆಗೆ ನಗುತ್ತಾ ಜೊತೆಗೆ ಬರುತ್ತದೆ.

ಚುಕ್ಕಿಗೆರೆ

ಮೂರನೆಯ ಕರಡಿನ ಮೊದಲ ಎರಡು ಹೆಜ್ಜೆಗಳು ಹೀಗಿವೆ.

"1. ಎಡಬದಿಯ ಲೇಯರ್ ಪಟ್ಟಿಯಲ್ಲಿ ಐಕಾನ್ ಫ್ರೇಮಿನ ಹೆಸರಿನ ಮೇಲೆ ಕ್ಲಿಕ್ ಮಾಡಿ. ಕ್ಯಾನ್ವಾಸಿನಲ್ಲಿರುವ ಚಿತ್ರದ ಮೇಲೆ ಕ್ಲಿಕ್ ಮಾಡಬೇಡಿ, ಮಾಡಿದರೆ ಸುತ್ತಲಿನ ಖಾಲಿ ಜಾಗ ಬಿಟ್ಟುಹೋಗುತ್ತದೆ.
2. ಬಲಬದಿಯ ಫಲಕದಲ್ಲಿ ಅಗಲ, ಎತ್ತರ ಎರಡೂ 24 ಎಂದಿವೆಯೇ ನೋಡಿ. ಬೇರೆ ಅಂಕಿ ಇದ್ದರೆ ಒಳಗಿನ ಚಿತ್ರ ಆರಿಸಲ್ಪಟ್ಟಿದೆ, ಮೊದಲ ಹೆಜ್ಜೆಯನ್ನು ಮತ್ತೆ ಮಾಡಿ."

ಹಳೆಯಕರಡು

ಎರಡನೆಯ ಹೆಜ್ಜೆಗಾಗಿ ನಿಮಗೆ ಶಹಬ್ಬಾಸ್. 'ಹೀಗೆ ಕಂಡರೆ ಸರಿ, ಹಾಗೆ ಕಂಡರೆ ತಪ್ಪು' ಎಂದು ನಡುದಾರಿಯಲ್ಲಿ ತಿಳಿಸುವ ಸಾಲನ್ನು ಅನುಭವಿಗಳೂ ಬರೆಯುವುದಿಲ್ಲ. 'ಆರಿಸಲ್ಪಟ್ಟಿದೆ' ಬೇಡ, 'ನೀವು ಒಳಗಿನ ಚಿತ್ರವನ್ನು ಆರಿಸಿದ್ದೀರಿ' ಎನ್ನಿ. ಚಾಳಿ ಬಿಡಲು ಸಮಯ ಹಿಡಿಯುತ್ತದೆ.

ಪುಟ್ಟಚೌಕ

ಬ್ಲಾಗಿನ ಮೊದಲ ಬರಹ ಸಿಕ್ಕಿತಲ್ಲ! ಗಂಟೆ 16ಕ್ಕೆ 20 ಆಗಿ ಬಂದ ಕಥೆಯನ್ನು ಮೂರೂ ಕರಡುಗಳ ಸಮೇತ ಬರೆಯಿರಿ. ಪೋರ್ಟ್‌ಫೋಲಿಯೊದಲ್ಲಿಯೂ ಅದಕ್ಕೆ ಕೊಂಡಿ ಕೊಡಿ, ಕೆಲಸಕ್ಕೆ ಆರಿಸುವವರು ಸಿದ್ಧ ಚಿತ್ರಗಳನ್ನು ಸಾವಿರ ನೋಡಿರುತ್ತಾರೆ, ಎಡವಿ ಎದ್ದುದನ್ನು ನಿಖರವಾಗಿ ಬರೆದವರನ್ನು ಅಪರೂಪಕ್ಕೆ ನೋಡುತ್ತಾರೆ. ಇಂಟರ್ನ್‌ಶಿಪ್‌ನ ಫೈಲುಗಳನ್ನು, ಅಲ್ಲಿನ ಹೆಸರನ್ನು ಮಾತ್ರ ತರಬೇಡಿ, ಸೇರುವಾಗ ಗೋಪ್ಯತೆಯ ಕಾಗದಕ್ಕೆ ಸಹಿ ಹಾಕಿದ್ದರೂ ಹಾಕಿರಬಹುದು. ಬರಹದ ಮೇಲೆ ತಿದ್ದಿದ ದಿನಾಂಕ ಇರಲಿ, ಫಿಗ್ಮಾದ ಫಲಕಗಳು ಜಾಗ ಬದಲಾಯಿಸುತ್ತಲೇ ಇರುತ್ತವೆ.

ನಾಲ್ಕುಮೂಲೆ

ಕಥೆಯನ್ನೂ ಹೆಜ್ಜೆಗಳನ್ನೂ ಬೇರೆ ಬೇರೆ ಪುಟಗಳಲ್ಲಿ ಇಡಿ. ಇಷ್ಟು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಚುಕ್ಕಿಗೆರೆ

ಎರಡು ಪುಟ ಮಾಡಿದ್ದೇನೆ, ಸಿದ್ಧ ಥೀಮ್ ಹಾಕಿದ್ದೇನೆ, ಬಣ್ಣ ಮುಟ್ಟಿಲ್ಲ. ಅಂಚುಗಳು ಕಣ್ಣಿಗೆ ಚುಚ್ಚುತ್ತಿವೆ, ಆದರೂ ಮುಟ್ಟಿಲ್ಲ.

ಸಾಲುಗಟ್ಟಿ

ಒಂದು ಬಿಟ್ಟುಹೋಗಿದೆ. ನಿಮ್ಮ ಫ್ರೇಮುಗಳ ಹೆಸರು 'ಐಕಾನ್' ಎಂದು ಬರೆದು ಓರೆಗೆರೆ ಎಳೆದು 'ಗಂಟೆ' ಎಂದಿದೆಯೇ? ಹಾಗಿದ್ದು, ಹಲವನ್ನು ಒಟ್ಟಿಗೆ ರಫ್ತು ಮಾಡಿದರೆ ಓರೆಗೆರೆಯ ಹಿಂದಿನ ಭಾಗ ಫೋಲ್ಡರ್ ಆಗಿ ಬರುತ್ತದೆ. 'ಫೈಲುಗಳು ಎಲ್ಲಿ ಹೋದವು' ಎಂದು ನಾನು ಒಮ್ಮೆ ಅರ್ಧ ದಿನ ಹುಡುಕಿದ್ದೇನೆ. ಅದಕ್ಕೊಂದು ಸಾಲು ಬೇಕು.

ಚುಕ್ಕಿಗೆರೆ

ಹೌದು, ಹಾಗೆಯೇ ಇದೆ. ಸಾಲನ್ನು ಸೇರಿಸಿ, ಪರೀಕ್ಷೆಗೆ ಸ್ನೇಹಿತೆಯನ್ನು ಮತ್ತೆ ಕರೆದೆ. ಬರಲು ಒಪ್ಪುತ್ತಿಲ್ಲ, ತನಗೆ ಈಗ ಎಲ್ಲವೂ ಗೊತ್ತಿರುವುದರಿಂದ ತಾನು ಇನ್ನು ಪ್ರಯೋಜನಕ್ಕೆ ಬರುವುದಿಲ್ಲವಂತೆ. ಫಿಗ್ಮಾ ಗೊತ್ತಿಲ್ಲದವರು ಇಲ್ಲಿ ಯಾರಾದರೂ ಇದ್ದೀರಾ?

ಒತ್ತಕ್ಷರ

ನಾನಿದ್ದೇನೆ. ಫೈಲಿನ ಕೊಂಡಿ ಕಳುಹಿಸಿ.